ಗೋಡೆಯಾಚೆಯ ಬಸರಿ

ಕೇಶ್ವಾಪುರದ ನಮ್ಮ ಹಿತ್ತಲಿಗೆ ಬಿಸಿಲು ಬರುವುದು ನಿಂತು ಎರಡು ವರ್ಷವಾಗಿತ್ತು. ಪಕ್ಕದ ಮನೆಯ ಬಸರಿ ಮರ ಗೋಡೆ ದಾಟಿ ನಮ್ಮ ಬಟ್ಟೆ ಒಗೆಯುವ ಕಲ್ಲಿನ ತನಕ ಚಾಚಿತ್ತು. ಅದರ ಬೇರು ಬಚ್ಚಲಿನ ನೀರು ಹೋಗುವ ಪೈಪಿನೊಳಗೆ ಹೊಕ್ಕಿತ್ತು. ಜಾಲರಿ ಎತ್ತಿದರೆ ಹೆಣೆದ ಜಡೆಯಂಥದ್ದು ಕೈಗೆ ಸಿಗುತ್ತಿತ್ತು. ಕಿತ್ತರೆ ಹದಿನೈದು ದಿನಕ್ಕೆ ಮತ್ತೆ ಅಷ್ಟೇ. ಎಲೆ ಅಲುಗದ ಮಧ್ಯಾಹ್ನಗಳಲ್ಲೂ ನಮ್ಮ ಕಡೆಯ ಕೊಂಬೆಯೊಂದು ಮೆಲ್ಲಗೆ ತೂಗುತ್ತಿತ್ತು. ನಾನು ದೆವ್ವ ಭೂತ ನಂಬುವವನಲ್ಲ, ಮುಂಗೋಪಿ. ಸಿಟ್ಟು ಬಂದಾಗ ಹೆದರಿಕೆ ಗೊತ್ತಾಗುವುದಿಲ್ಲ.

ನಿಜ ಹೇಳಬೇಕೆಂದರೆ ಆಗ ನನಗೆ ಎಲ್ಲದಕ್ಕೂ ಸಿಟ್ಟು ಬರುತ್ತಿತ್ತು. ಮದುವೆಯಾಗಿ ಏಳು ವರ್ಷ. ಹೆಂಡತಿಗೆ ಎರಡು ಸಲ ನಿಂತ ಗರ್ಭ ಮೂರನೇ ತಿಂಗಳಿಗೇ ಹೋಗಿತ್ತು. ಆಮೇಲೆ ನಾವು ಆ ಮಾತನ್ನೇ ಬಿಟ್ಟಿದ್ದೆವು.

ಒಂದು ಭಾನುವಾರ ಬೆಳಿಗ್ಗೆ ಕೊಡಲಿ ತಂದು ಏಣಿ ಹಾಕಿದೆ. ಪಕ್ಕದ ಮನೆಯ ಮುದುಕಿ, ಓಣಿಗೆಲ್ಲ ಆಯಿ, ಗೋಡೆಯಾಚೆ ಬಂದು ನಿಂತರು. ಅವರ ಕಣ್ಣು ನಮ್ಮ ಅಡುಗೆಮನೆಯ ಕಿಟಕಿಯ ಮೇಲಿತ್ತು.

"ಬಸರಿ ಐತೋ ತಮ್ಮಾ. ಈಗ ಕೊಡ್ಲಿ ಹಚ್ಚಬ್ಯಾಡ."

"ಬಸರಿ ಅಂತ ನನಗೂ ಗೊತ್ತೈತ್ರಿ ಆಯಿ. ಆದ್ರೂ ಕಡೀತೇನಿ," ಎಂದೆ.

ಆಯಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ತೊಡೆ ಗಾತ್ರದ ಕೊಂಬೆ ನಾಲ್ಕೇ ಏಟಿಗೆ ಬಿತ್ತು. ಕಡಿದಲ್ಲಿಂದ ಬಿಳಿ ಹಾಲು ಒಗೆಯುವ ಕಲ್ಲಿನ ಮೇಲೆ ತೊಟ್ಟಿಕ್ಕತೊಡಗಿತು. ಮರುದಿನವೂ ನಿಲ್ಲಲಿಲ್ಲ.

ಬುಧವಾರ ಹೆಂಡತಿ ಚಹಾ ಕೊಡುತ್ತ, ಟೆಸ್ಟ್ ಮಾಡಿಕೊಂಡೆ, ನಿಂತಿದೆ ಎಂದಳು. ಖುಷಿಪಡಬೇಕಾದವನಿಗೆ ಭಾನುವಾರ ಆಯಿ ಅಂದದ್ದು ನೆನಪಾಯಿತು. ನಮ್ಮ ಕಡೆಯ ಮಾತಿನಲ್ಲಿ ಬಸರಿ ಮರವೂ ಬಸರಿ, ಬಸುರಿ ಹೆಂಗಸೂ ಬಸರಿ. ಹೆಣ್ಣುಮಕ್ಕಳನ್ನು ಅಕ್ಕರೆಯಿಂದ 'ಐತಿ' ಎನ್ನುವುದೂ ಉಂಟು. ಮನೆಯಲ್ಲಿ ಬಸುರಿ ಇದ್ದಾಗ ಗಂಡನಾದವನು ಹಸಿ ಮರಕ್ಕೆ ಕೊಡಲಿ ಹಾಕಬಾರದೆಂದು ಹಿರಿಯರು ಹೇಳುತ್ತಾರೆ. ನಾನು ಹೊಟ್ಟೆಯಲ್ಲಿದ್ದಾಗ ನನ್ನ ತಂದೆ ತೆಂಗಿನಕಾಯಿಯನ್ನೂ ಒಡೆದಿರಲಿಲ್ಲವಂತೆ. ಹಾಗಾದರೆ ಆಯಿ ಹೇಳಿದ್ದು ಯಾರ ವಿಷಯ? ಹೋಗಿ ಕೇಳಲು ಧೈರ್ಯವಾಗಲಿಲ್ಲ.

ಸಂಜೆ ಅವಳು ಅಂಗಡಿಗೆ ಹೋದಾಗ ಸಗಣಿ, ಮಣ್ಣು ಕಲಸಿ ಕಡಿದ ಜಾಗಕ್ಕೆ ಮೆತ್ತಿದೆ. ನಂಬುವವನಲ್ಲ ಅಂದೆನಲ್ಲ, ಮೆತ್ತಿ ಕೈ ಕೂಡ ಮುಗಿದೆ. ಬೆಳಿಗ್ಗೆ ನೋಡಿದರೆ ಸಗಣಿ ಬಿರುಕು ಬಿಟ್ಟು ಹಾಲು ಮತ್ತೆ ಇಳಿಯುತ್ತಿತ್ತು. ಹೆಂಡತಿ ಅದರ ಕೆಳಗೇ ನಿಂತಿದ್ದಳು, ಒಂದು ಕೈ ಹೊಟ್ಟೆಯ ಮೇಲೆ.

ಕಡಿಯುವ ಮುಂಚೆ ಆಯಿ ಏನಾದರೂ ಅಂದರಾ ಎಂದು ಕೇಳಿದಳು. ಇಲ್ಲ ಎಂದೆ. ಅವಳು ಹೆದರಬಾರದು ಎಂದಷ್ಟೇ ನನ್ನ ಮನಸ್ಸಿನಲ್ಲಿತ್ತು.

ಅವಳು ನನ್ನಿಂದ ಎರಡು ಹೆಜ್ಜೆ ಹಿಂದೆ ಸರಿದಳು.

"ನಾ ಕಿಟಕ್ಯಾಗ ನಿಂತಿದ್ದೆ. ಆಯಿ ಅಂದದ್ದು ಕೇಳೇ ಟೆಸ್ಟ್ ಮಾಡ್ಕೊಂಡೆ. ನೀವು ಗೊತ್ತೈತಿ ಅಂದ್ರಿ, ಗೊತ್ತಿದ್ದೂ ಕಡದ್ರಿ. ನನಗ ಗೊತ್ತಿರಲಾರದ್ದು ನಿಮಗ ಹ್ಯಾಂಗ ಗೊತ್ತಿತ್ರಿ?"