ಎದ್ದು ನಿಂತರೆ ಸಾಕೇ?

ರಕ್ಷಿತಾ ಎದ್ದು ನಿಂತಳು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಹೋದ ಭಾನುವಾರ, ಮೂಡಿಗೆರೆಯಲ್ಲಿ ಹುಡುಗಿಯರ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಫೈನಲ್. (ಮೊಟ್ಟೆಯಾಕಾರದ ಚೆಂಡು. ಒದೆಯಲೂಬಹುದು, ಹಿಡಿಯಲೂಬಹುದು. ರಗ್ಬಿ ಅಂದರೆ ಕೋಚ್ ಜಗದೀಶನಿಗೆ ಸಿಟ್ಟು ಬರುತ್ತದೆ.) ಚೆಂಡಿಗೆಂದು ಹಾರಿದ ಮಲ್ಲಂದೂರಿನ ಈ ಹುಡುಗಿಯ ತಲೆಗೆ ಎದುರಾಳಿಯ ಮೊಣಕಾಲು ಬಡಿದಿತ್ತು.

ಜಗದೀಶ ನನ್ನ ಕಾಲೇಜು ಗೆಳೆಯ. ಮುಂದೆ ಬಿ.ಪಿ.ಎಡ್ ಓದುವಾಗ ಕೇರಳದ ಹುಡುಗರಿಂದ ಈ ಆಟ ಕಲಿತ, ರಾಜ್ಯ ತಂಡಕ್ಕೆ ಆಡಿದ. ಈಗ ಎಸ್ಟೇಟಿನ ಕೂಲಿ ಲೈನಿನ ಹುಡುಗಿಯರಿಗೆ ಕಲಿಸುತ್ತಾನೆ. ಕಾಫಿ ಒಣಗಿಸುವ ಕಣ ಖಾಲಿಯಿದ್ದಾಗ ಅದೇ ಅವರ ಮೈದಾನ. ಈ ಗುಡ್ಡಗಳಲ್ಲಿ ಸಮತಟ್ಟು ಜಾಗ ಬೇರೆಲ್ಲಿದೆ?

ಅವನು ರಕ್ಷಿತಾಳ ಕಣ್ಣನ್ನೇ ನೋಡುತ್ತ ಕೇಳಿದ. "ಇದು ಯಾವ ಊರು?"

"ಮೂಡಿಗೆರೆ ಸರ್."

"ಸ್ಕೋರು?"

"ಮೂರು ಪಾಯಿಂಟ್ ಹಿಂದಿದೀವಿ."

"ಕ್ಯಾಪ್ಟನ್ ಯಾರು?"

"ನಾನೇ ಅಲ್ವಾ ಸರ್!"

ಸುತ್ತಲಿದ್ದವರು ನಕ್ಕರು. ಅವನು ನಗಲಿಲ್ಲ. "ಹೊರಗೆ ಕೂತ್ಕೋ ಮಗಾ" ಅಂದ.

ರಾಜ್ಯ ತಂಡದ ಆಯ್ಕೆಗಾರರು ಎದುರಿಗೇ ಕೂತಿದ್ದಾರೆ. ಇವತ್ತು ತಪ್ಪಿದರೆ ಇನ್ನು ಮುಂದಿನ ವರ್ಷವೇ. ಅವಳಪ್ಪ, ಎಸ್ಟೇಟಿನ ಮೇಸ್ತ್ರಿ ಚಂದ್ರಣ್ಣ, ಹಗ್ಗ ದಾಟಿ ಓಡಿಬಂದರು. "ಸರ್, ಏಣಿಯಿಂದ ಬಿದ್ರೂ ಎದ್ದು ಮೆಣಸು ಕೊಯ್ಯೋ ಜನ ನಾವು. ಬಿಡಿ ಸರ್ ಅವಳನ್ನ!"

ಹಿಂದಿನಿಂದ ಯಾರೋ ಕೂಗಿದರು: "ಹುಡ್ಗಿ ಗಟ್ಟಿ ಇದಾಳೆ, ಕೋಚಿಗೇ ಪುಕಪುಕ ಮಾರಾಯ!"

ನನಗೂ ತಡೆಯಲಾಗಲಿಲ್ಲ. "ಅಲ್ಲ ಮಾರಾಯ, ನೀನೂ ಹೀಗೇ ಬಿದ್ದು ಎದ್ದವನಲ್ವಾ? ಆ ಕೊನೇ ಗೋಲು?"

ಅದು ಅವನು ಆಡಿದ ಕಡೆಯ ಪಂದ್ಯ. ತಲೆಗೆ ಪೆಟ್ಟು ತಿಂದೂ ಮೈದಾನದ ಅಂಚಿನಿಂದ ಒದ್ದು ಗೆಲ್ಲಿಸಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. (ಇದೇ ಅಂಕಣದಲ್ಲಿ ಬರೆದಿದ್ದೆ. ಕೆಲವರು ಓದಿರಬಹುದು.)

ಅವನು ತಣ್ಣಗೆ ಹೇಳಿದ: "ಒದ್ದೆನಂತೆ. ನೀನು ಬರೆದಿದ್ದು ಓದಿದ ಮೇಲೇ ನಂಗೆ ಗೊತ್ತಾಗಿದ್ದು."

ಇಷ್ಟು ವರ್ಷ ಇಬ್ಬರೂ ಸೇರಿ ಮೆಲುಕು ಹಾಕುತ್ತಿದ್ದದ್ದು ಬರೀ ನನ್ನ ನೆನಪನ್ನೇ? ಅದನ್ನಾದರೂ ಎಷ್ಟು ನಂಬುವುದು?

ತಂಡ ಸೋತಿತು. ಚಂದ್ರಣ್ಣ ಜಗದೀಶನ ಮುಖ ನೋಡಲಿಲ್ಲ. ಅವನ ಒತ್ತಾಯಕ್ಕೆ ಮಗಳನ್ನು ಜೀಪಿಗೆ ಹತ್ತಿಸಿದರು; ನಾನೂ ಜಗದೀಶನೂ ಜೊತೆಗೆ ಹತ್ತಿದೆವು. ಆಸ್ಪತ್ರೆಯ ದಾರಿಯಲ್ಲಿ, ಅಪ್ಪನ ಹೆಗಲಿಗೊರಗಿದ್ದ ರಕ್ಷಿತಾ ಕಣ್ಣು ಬಿಟ್ಟಳು.

"ಸರ್, ಮ್ಯಾಚ್ ಎಷ್ಟೊತ್ತಿಗೆ ಶುರು?"

ಚಂದ್ರಣ್ಣ ಮಗಳನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು: "ಡ್ರೈವರೇ, ಸ್ವಲ್ಪ ಬೇಗ ಬಿಡಿ."

(ಈಗ ಹುಷಾರಾಗಿದ್ದಾಳೆ. ಡಾಕ್ಟರು ಸದ್ಯಕ್ಕೆ ಚೆಂಡು ಮುಟ್ಟಬೇಡ ಅಂದಿದ್ದಾರೆ.)

ಹಾಗಾದರೆ ಮೈದಾನದಲ್ಲಿ ಒಂದೂ ತಪ್ಪದೆ ಉತ್ತರ ಕೊಟ್ಟವಳು ಯಾರು?