ಏಳಿಂಚು ತಗ್ಗು

ಊರವರು ಕೆಂಪುಗೆರೆಯವನು ಎಂದೇ ಕರೆಯುತ್ತಿದ್ದ ಅವನು ಒಂದು ಕಡೆ ಕೂತ ಮನುಷ್ಯನೇ ಅಲ್ಲ. ನಗರಸಭೆಯ ಕಟ್ಟಡ ಪರವಾನಗಿ ವಿಭಾಗದಲ್ಲಿ ಅಳತೆಗಾರ. ಹೊಳೆದಂಡೆಯ ಬೀದಿಗಳಲ್ಲಿ ಹಳೆಯ ದೊಡ್ಡ ನೆರೆ ಎಲ್ಲಿಯವರೆಗೆ ಏರಿತ್ತೆಂದು ಗೋಡೆಗೋಡೆಗೂ ಕೆಂಪು ಗೆರೆ ಎಳೆಯುವುದು ಅವನ ಕೆಲಸ. ಹೊಸ ಮನೆಯ ನೆಲ ಆ ಗೆರೆಗಿಂತ ಅರ್ಧ ಅಡಿ ಮೇಲಿದ್ದರೆ ಮಾತ್ರ ಪರವಾನಗಿ. ಒಂದಿಂಚು ಬಿಡಿ ಎಂದು ಗೋಗರೆದವರಿಗೆ, "ನೀರೇನು ನನ್ನ ಮಾವನ ಮಗನೇನ್ರೀ, ನನ್ನ ಮಾತು ಕೇಳೋಕೆ?" ಎನ್ನುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಯಾರ ಮುಲಾಜಿಗೂ ಬಿದ್ದವನಲ್ಲ. ಆ ಬಗ್ಗೆ ಕೊಂಚ ಜಂಬವೂ ಇತ್ತು, ಸುಳ್ಳೇಕೆ.

ಎಲ್ಲ ಅಳತೆಯೂ ಶುರುವಾಗುವುದು ಸೇತುವೆ ಪಕ್ಕದ ಗುರುತುಕಲ್ಲಿನಿಂದ. ಮಧ್ಯಾಹ್ನದ ಬುತ್ತಿ ಉಣ್ಣುವುದೂ ಅದೇ ಕಲ್ಲಿನ ಮೇಲೆ. ಗಿಡ್ಡ ಆಸಾಮಿ, ಕೂತರೆ ಹೆಬ್ಬೆರಳಷ್ಟೇ ನೆಲಕ್ಕೆ ತಾಗುತ್ತಿತ್ತು. ಸೋಮವಾರ ತುತ್ತು ಬಾಯಿಗಿಡುವಾಗ ನೋಡುತ್ತಾನೆ, ಎರಡೂ ಹಿಮ್ಮಡಿ ಆರಾಮವಾಗಿ ನೆಲದ ಮೇಲಿವೆ. ಈ ವಯಸ್ಸಿನಲ್ಲಿ ಕಾಲು ಬೆಳೆಯುವುದುಂಟೆ? ಕಳೆದ ವರ್ಷ ಸೇತುವೆ ರಿಪೇರಿಗೆ ಪಕ್ಕದಲ್ಲೇ ಅಗೆದಿದ್ದರು, ಕಲ್ಲು ಕುಸಿದಿತ್ತು. ಊರಾಚೆಯ ಇನ್ನೊಂದು ಕಲ್ಲಿನಿಂದ ಅಳೆದ. ಏಳಿಂಚು ತಗ್ಗು, ಅಂದರೆ ಅದರಿಂದ ಅಳೆದು ಎಳೆದ ಗೆರೆಗಳೂ ಅಷ್ಟೇ ತಗ್ಗು. ವರ್ಷಕ್ಕೊಮ್ಮೆ ಹೀಗೆ ತಾಳೆ ನೋಡಬೇಕೆಂಬ ನಿಯಮವೇ ಇತ್ತು. ತನ್ನ ಕಲ್ಲಿನ ಮೇಲೆ ಅವನಿಗೆ ತನ್ನ ಮೇಲಿದ್ದಷ್ಟೇ ನಂಬಿಕೆ, ನೋಡಿರಲಿಲ್ಲ.

ಕಲ್ಲು ಕುಸಿದಮೇಲೆ ಅಳೆದ ಮನೆಗಳು ಹನ್ನೊಂದು. ಕಾಗದದಲ್ಲಿ ನೆರೆಗಿಂತ ಮೇಲೆ, ನಿಜದಲ್ಲಿ ಕೆಳಗೆ. ಅದರಲ್ಲೊಂದು, ತಾಯಿ ಹೋದಮೇಲೆ ಅವನನ್ನು ಸಾಕಿದ ಅಕ್ಕನದು. ಹೊಲಿಗೆ ಯಂತ್ರ, ಮಂಚ, ಒಲೆ ಎಲ್ಲವನ್ನೂ ಒಂದೇ ಬಾಡಿಗೆ ಕೋಣೆಯಲ್ಲಿ ತುರುಕಿಕೊಂಡು ಮೂವತ್ತು ವರ್ಷ ಬಟ್ಟೆ ಹೊಲಿದವಳು. ಈಗ ಹೊಸ ಮನೆಯ ಗೋಡೆ ಎದ್ದಿದೆ, ಗುರುವಾರ ತಾರಸಿ. ತಾರಸಿ ಹಾಕಿದಮೇಲಾದರೆ ಕೆಡವುವುದೇ ಗತಿ. ಈಗಲೇ ನಿಲ್ಲಿಸಿದರೆ ಬಾಗಿಲು ಕಿತ್ತು ನೆಲ, ಗೋಡೆ ಏರಿಸಬಹುದು, ಆದರೆ ಹೊಸ ನಕ್ಷೆ, ಹೊಸ ಪರವಾನಗಿ, ಇನ್ನೊಂದು ವರ್ಷ ಅದೇ ಕೋಣೆ.

ಎರಡು ದಿನ ಅವನು ಕಾಲು ಸುಟ್ಟ ಬೆಕ್ಕಿನಂತೆ ತಿರುಗಿದ. ಕಡತ ತೆಗೆದ, ಮುಚ್ಚಿದ. ತರಿಸಿದ ಚಹಾ ಆರಿಹೋಯಿತು. ಅಕ್ಕನ ಬೀದಿಯ ತಿರುವಿನವರೆಗೆ ಮೂರು ಸಲ ಹೋಗಿ ಮರಳಿದ. ಬುಧವಾರ ಸಂಜೆ ಕೊನೆಗೂ ಹೋದಾಗ ಅಕ್ಕ ಗೋಡೆಗೆ ನೀರು ಹಾಕುತ್ತಿದ್ದಳು.

"ಅಕ್ಕಾ, ನೆಲ ಏಳಿಂಚು ತಗ್ಗಿದೆ. ತಪ್ಪು ನಂದೇ. ಹನ್ನೊಂದು ಮನೆ ಹೀಗಾಗಿದೆ."

ಅಕ್ಕ ಬಕೆಟ್ ಕೆಳಗಿಟ್ಟಳು. ಆಮೇಲೆ, "ಉಳಿದ ಹತ್ತು ಮನೆಯವರು ಏನಂದ್ರು?"

"ಅವರಿಗೆ ಇನ್ನೂ ಹೇಳಿಲ್ಲ. ಮೊದಲು ನಿನಗೆ ಹೇಳೋಣ ಅಂತ..." ಕೆಲಸ ನಿಲ್ಲಿಸುವ ನೋಟಿಸು ಚಾಚಿದ.

ಅವಳು ಕೈ ಒರೆಸಿಕೊಂಡು ಪೂರ್ತಿ ಓದಿದಳು. "ಕೆಳಗೆ ಸಹಿ ಇಲ್ವಲ್ಲೋ."

ಅವನು ಜೇಬಿನ ಪೆನ್ನು ಮುಟ್ಟಿ ನೋಡಿಕೊಂಡ.

"ನಾನು ಅತ್ತು ಬೇಡ ಅಂದಿದ್ರೆ ಇದನ್ನ ಹರಿದು ಹಾಕೋಣ ಅಂತ ತಾನೇ ಬಂದಿದ್ದು? ನಾಳೆ ಆ ಮನೆಗಳಿಗೆ ನೀರು ನುಗ್ಗಿದ್ರೆ ಅಕ್ಕ ಬೇಡ ಅಂದ್ಲು ಅನ್ನೋಕೆ?"

ಹೌದು, ಅದಕ್ಕೇ ಬಂದಿದ್ದ. ಅದು ಅವನಿಗೂ ಗೊತ್ತಾದದ್ದು ಆಗಲೇ. ಬಾಗಿಲ ಚೌಕಟ್ಟಿಗೆ ಕಾಗದ ಒತ್ತಿ ಸಹಿ ಹಾಕಿದ.

ಅಕ್ಕ ಅದನ್ನು ಕಸಿದುಕೊಂಡು ತಾನೇ ಅಂಟಿಸಿದಳು. "ಇನ್ನೂ ಹತ್ತು ಮನೆ ಇವೆ. ಕತ್ತಲಾಗೋದ್ರೊಳಗೆ ಹೊರಡು," ಎಂದು ಗೋಡೆಯ ಕಡೆ ತಿರುಗಿ ನಿಂತಳು. ಅವಳು ಅಳುತ್ತಿದ್ದಳು.