ರೋಸಲಿನ್ ಅಲ್ಲದ ಅಜ್ಜಿ

ಸ್ಟೆಲ್ಲಾ ಆಂಟಿ, ನಿಮ್ಮ ಅಜ್ಜಿಯ ಹೆಸರು ರೋಸಲಿನ್ ಅಲ್ಲ. ಅದು ನನ್ನ ಕೆಮಿಸ್ಟ್ರಿ ಮಿಸ್ಸಿನ ಹೆಸರು.

ನಗಬೇಡಿ — ಅಲ್ಲ, ನೀವು ನಗುವುದಿಲ್ಲ, ಗೊತ್ತು. ನಗಿಸಿ ನಗಿಸಿ ಇಷ್ಟು ದಿನ ತಪ್ಪಿಸಿಕೊಂಡೆ. ಈಗ ಸುಸ್ತಾಗಿದೆ.

ಹತ್ತನೇ ಕ್ಲಾಸಿನ ರಜೆಯಲ್ಲಿ, ಹಳೆಯ ಚರ್ಚ್ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಸೇವೆಗೆ ಸೇರಿದ್ದೆನಲ್ಲ — ತಮ್ಮ ಹಿರಿಯರನ್ನು ಹುಡುಕುವವರಿಗೆ ಹೆಸರು ಹೊಡೆದರೆ ಸಿಗಲಿ ಎಂದು. ನಮ್ಮ ಬೆಸೆಂಟ್ ನಗರದ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ, ಸತ್ತವರನ್ನು ನಾನೇ ಎಬ್ಬಿಸುತ್ತಿದ್ದೇನೆ ಎನ್ನುವಷ್ಟು ಕೊಚ್ಚಿಕೊಂಡೆ. ಮಕ್ಕಳ ಜ್ಞಾನಸ್ನಾನದಂದು ಹೆತ್ತವರ ಹೆಸರು ಬರೆದಿಡುವ ಪುಸ್ತಕಗಳ ಫೋಟೋ ಬರುತ್ತಿತ್ತು. ಒಂದೊಂದು ಪುಟವನ್ನೂ ಇಬ್ಬರು ಬೇರೆ ಬೇರೆಯಾಗಿ ಟೈಪ್ ಮಾಡಬೇಕು. ಇಬ್ಬರದೂ ಹೊಂದಿದರೆ ಮತ್ತೆ ಯಾರೂ ನೋಡುವುದಿಲ್ಲ. ಓದಲಾಗದೆ ಖಾಲಿ ಬಿಟ್ಟರೆ ಹಿರಿಯರೊಬ್ಬರು ಮೂಲ ಪುಸ್ತಕವನ್ನೇ ತೆರೆದು ನೋಡುತ್ತಾರೆ.

ಖಾಲಿ ಬಿಡುವುದೆಂದರೆ ನನಗೆ ಅವಮಾನ. ಹೆಚ್ಚು ಪುಟ ಮುಗಿಸಿದವರ ಹೆಸರು ಪಟ್ಟಿಯಲ್ಲಿ ಮೇಲೆ ಬರುತ್ತಿತ್ತು. ನನ್ನ ಅಮ್ಮನ ಹೆಸರಲ್ಲೂ ಒಂದು ಲಾಗಿನ್ ಮಾಡಿಕೊಂಡು ಎರಡು ಸಲವೂ ನಾನೇ ಟೈಪ್ ಮಾಡಿದೆ. ಒಂದು ಸಾಲಿನಲ್ಲಿ ಮಗುವಿನ ಹೆಸರು ಸ್ಪಷ್ಟವಾಗಿತ್ತು. ತಾಯಿಯ ಹೆಸರಿನ ಮೇಲೆ ಮಸಿ ಹರಡಿ, ಜಿರಳೆ ಕೂತ ಹಾಗಿತ್ತು. ನನ್ನನ್ನು ಫೇಲ್ ಮಾಡಿದ ಮಿಸ್ಸನ್ನು ಅಲ್ಲಿ ಕೂರಿಸಿದೆ. ತಮಾಷೆಗೆ. ನನ್ನ ಸುಳ್ಳಿಗೆ ನಾನೇ ಸಾಕ್ಷಿ.

ಆ ಮಗು ನಿಮ್ಮ ಅಮ್ಮ ಎಂದು ಗೊತ್ತಿರಲಿಲ್ಲ — ಇದು ನೆಪವಲ್ಲ, ಯಾಕೆಂದರೆ ಗೊತ್ತಾದ ಮೇಲೂ...

ಅನಾಥಾಲಯದಲ್ಲಿ ಬೆಳೆದ ಅಮ್ಮನಿಗೆ ಹೆತ್ತವಳ ಹೆಸರು ಸಿಕ್ಕಿತೆಂದು ನೀವು ಕೇಕ್ ಹಿಡಿದು ಓಡಿ ಬಂದಿರಿ. “ಕಣ್ಣಾ, ಆ ಚರ್ಚಿನ ಪುಟ ಎಲ್ಲಾ ನೀನೇ ಮಾಡಿದ್ದಲ್ವಾ? ಅಷ್ಟು ಮಸಿ ಒಳಗೆ ಹೆಂಗೋ ಓದ್ದೆ?”

ಈ ತಮಿಳು ಊರಿನಲ್ಲಿ ಬೆಳೆದು, ನಿಮ್ಮ ಕನ್ನಡಕ್ಕೆ ಯಾವಾಗಲೂ ತಮಿಳಿನಲ್ಲಿ ಉತ್ತರ ಕೊಡುವ ನಾನು, ಅಂದು ಕನ್ನಡದಲ್ಲೇ ಮೆರೆದೆ. “ಭೂತಗನ್ನಡಿ ಇಟ್ಕೊಂಡು ಓದ್ದೆ ಆಂಟಿ. ಕಣ್ಣೇ ಹೋಯ್ತು!”

ಅಂದಿನಿಂದ ಭಾನುವಾರ ಬಂತೆಂದರೆ, ನನ್ನ ಕಣ್ಣಿಗೆ ಒಳ್ಳೆಯದೆಂದು ಕ್ಯಾರೆಟ್ ಹಲ್ವಾ. ತಿಂದೆ — ಡಬ್ಬಿ ನೆಕ್ಕಿ ತಿಂದೆ.

ಮೊನ್ನೆ ಡಬ್ಬಿ ವಾಪಸು ಕೊಡಲು ಬಂದಾಗ ನಿಮ್ಮ ಅಮ್ಮ ಹಾಸಿಗೆಯಲ್ಲಿ ಜಪಮಾಲೆ ಹಿಡಿದು, “ರೋಸಲಿನಮ್ಮಾ, ಬರ್ತಾ ಇದೀನಿ ಕಣಮ್ಮಾ,” ಎನ್ನುತ್ತಿದ್ದರು. “ಇನ್ನು ಜಾಸ್ತಿ ದಿನ ಇಲ್ಲ ಅಂದ್ರು ಡಾಕ್ಟರು,” ಎಂದಿರಿ ನೀವು. ಏನಾದರೂ ಜೋಕ್ ಹೇಳೋಣವೆಂದು ಬಾಯಿ ತೆರೆದೆ. ಡಬ್ಬಿಯನ್ನು ನಿಮ್ಮ ಕೈಗಿಟ್ಟು ಓಡಿಬಂದೆ.

ನಿನ್ನೆ ಆ ದಾಖಲೆ ಸೇವೆಯವರಿಗೆ ಎಲ್ಲ ಹೇಳಿ ಆ ಹೆಸರನ್ನು ತೆಗೆಸಿದೆ. ಅಂದು ಖಾಲಿ ಬಿಟ್ಟಿದ್ದರೆ ಅಂದೇ ಯಾರಾದರೂ ಪುಸ್ತಕ ತೆರೆಯುತ್ತಿದ್ದರು; ಈಗ ನಾಳೆ ತೆರೆಯುತ್ತಾರಂತೆ. ಮಸಿಯ ಕೆಳಗೆ ಏನಾದರೂ ಕಾಣುತ್ತದೋ ಇಲ್ಲವೋ — ನಾನು ಅಲ್ಲಿರುತ್ತೇನೆ. ನಿಮ್ಮ ಅಮ್ಮನಿಗೆ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ಆ ಭಾರವನ್ನೂ ನಿಮ್ಮ ಮೇಲೆ ಹೊರಿಸಿದೆ.

ಈ ಭಾನುವಾರ ಹಲ್ವಾ ಕಳಿಸಬೇಡಿ ಆಂಟಿ. ನನ್ನ ಕಣ್ಣಿಗೆ ಏನೂ ಆಗಿರಲಿಲ್ಲ.